ಇಂಗ್ಲಿಷ್ ವಾಕ್ಯದಲ್ಲಿ ಅಡ್ವರ್ಬ್ ಗುರುತಿಸೋದು ಹೇಗೆ? ‘ಲಿ’ ನೋಡಿದರೆ ಸಾಕಾ, ‘ಆಗಿ’ ಬಂದರೆ ಸಾಕಾ?

ದಾವಣಗೆರೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು. ಹೋದ ವಾರ ಇಂಗ್ಲಿಷ್ ಟೆಸ್ಟ್‌ನಲ್ಲಿ ಹತ್ತು ವಾಕ್ಯ ಕೊಟ್ಟು ಅಡ್ವರ್ಬ್ (ಕ್ರಿಯಾವಿಶೇಷಣ) ಕೆಳಗೆ ಗೆರೆ ಎಳೆಯಿರಿ ಅಂತ ಕೇಳಿದ್ದರು. ಹತ್ತಕ್ಕೆ ನಾಲ್ಕು ಬಂದಿದೆ. ಅಂಕ ಹೋಗಿದ್ದಕ್ಕೆ ಬೇಜಾರಿಲ್ಲ. ಆದರೆ ತಪ್ಪಾದ ಆರು ವಾಕ್ಯ ಇಟ್ಟುಕೊಂಡು ಕೂತರೆ ಯಾಕೆ ತಪ್ಪು ಅಂತ ನನಗೂ ಹೇಳೋಕೆ ಆಗಲಿಲ್ಲ. ಅದೇ ಕೊರೆಯುತ್ತಿದೆ.

ಶಾಲೆಯಲ್ಲಿ ‘ಕೊನೆಗೆ ಲಿ ಬಂದರೆ ಅಡ್ವರ್ಬ್’ ಅಂತ ಹೇಳಿಕೊಟ್ಟಿದ್ದಾರಂತೆ. ನಾನು ಮನೆಯಲ್ಲಿ ಇನ್ನೊಂದು ಉಪಾಯ ಹೇಳಿದ್ದೆ. ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿಕೋ, ಯಾವ ಪದಕ್ಕೆ ‘ಆಗಿ’ ಅಥವಾ ‘ಗೆ’ ಸೇರುತ್ತದೋ ಅದೇ ಅಡ್ವರ್ಬ್ ಅಂತ. ಸ್ಲೋಲಿ ಅಂದರೆ ನಿಧಾನವಾಗಿ, ಲೌಡ್ಲಿ ಅಂದರೆ ಜೋರಾಗಿ, ಸಾಫ್ಟ್ಲಿ ಅಂದರೆ ಮೆಲ್ಲಗೆ. ಸರಿ ಹೋಗುತ್ತದೆ ಅಲ್ವಾ?

ಹೋಗಲಿಲ್ಲ. ತಪ್ಪಾದವು ಇವು. ‘ಹರ್ ಅಂಕಲ್ ಈಸ್ ವೆರಿ ಫ್ರೆಂಡ್ಲಿ’ ಇದರಲ್ಲಿ ಫ್ರೆಂಡ್ಲಿಗೆ ಗೆರೆ ಹಾಕಿದ್ದಾಳೆ, ಉತ್ತರ ವೆರಿ ಅಂತೆ. ‘ದಿ ಬಸ್ ವೆಂಟ್ ಫಾಸ್ಟ್’ ಮತ್ತು ‘ಐ ಡು ನಾಟ್ ನೋ ಹಿಮ್’ ಎರಡನ್ನೂ ಖಾಲಿ ಬಿಟ್ಟಿದ್ದಾಳೆ. ‘ದಿಸ್ ಮ್ಯಾಂಗೋ ಟೇಸ್ಟ್ಸ್ ಸೋ ಸ್ವೀಟ್’ ಇದರಲ್ಲಿ ಸ್ವೀಟ್‌ಗೆ ಹಾಕಿದ್ದಾಳೆ, ಯಾಕೆಂದರೆ ‘ಸಿಹಿಯಾಗಿದೆ’, ಅದು ನನ್ನ ಉಪಾಯದ ಫಲ. ‘ದಿ ಗರ್ಲ್ ಆಲ್ವೇಸ್ ಲುಕ್ಸ್ ಸ್ಯಾಡ್’ ಇದರಲ್ಲಿ ಸ್ಯಾಡ್‌ಗೆ ಹಾಕಿದ್ದಾಳೆ, ಯಾಕೆಂದರೆ ‘ಸಪ್ಪಗೆ ಕಾಣುತ್ತಾಳೆ’. ಇನ್ನೊಂದು ‘ವಿ ವೆಂಟ್ ಹೋಮ್ ಯೆಸ್ಟರ್ಡೇ’. ಹೋಮ್ ಕೂಡ ಅಡ್ವರ್ಬ್ ಅಂತೆ, ಯೆಸ್ಟರ್ಡೇ ಕೂಡ ಅಂತೆ. ಮನೆ ಅನ್ನೋದು ನಾಮಪದ ಅಲ್ವಾ?

ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಮಗುವಿಗೆ ಅರ್ಥವಾಗೋ ಹಾಗೆ ಹೇಳಿದರೆ ಇನ್ನೂ ಉಪಕಾರ.

ಹಾಸನದ ಮೇಷ್ಟ್ರು:

ಅಮ್ಮಾ, ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಈ ಆರು ವಾಕ್ಯದಲ್ಲಿ ಮಗು ಮಾಡಿದ ತಪ್ಪನ್ನೇ ಪ್ರತಿ ವರ್ಷ ಕ್ಲಾಸಿನ ಅರ್ಧ ಮಕ್ಕಳು ಮಾಡುತ್ತಿದ್ದರು. ಕಾರಣ ಒಂದೇ. ಪದದ ಬಾಲ ನೋಡಿ ಜಾತಿ ಹೇಳಲು ಹೋಗುತ್ತಾರೆ. ಪದ ಆ ವಾಕ್ಯದಲ್ಲಿ ಯಾರ ಕೈ ಹಿಡಿದುಕೊಂಡಿದೆ ಅಂತ ನೋಡುವುದಿಲ್ಲ.

ಫ್ರೆಂಡ್ಲಿ ತಗೊಳ್ಳಿ. ‘ಹರ್ ಅಂಕಲ್ ಈಸ್ ವೆರಿ ಫ್ರೆಂಡ್ಲಿ’. ಫ್ರೆಂಡ್ಲಿ ಯಾರು? ಅಂಕಲ್. ಅದು ಮನುಷ್ಯನ ಗುಣ ಹೇಳುತ್ತಿದೆ, ಆದ್ದರಿಂದ ಅಡ್ಜೆಕ್ಟಿವ್. ಹಾಗಾದರೆ ವೆರಿ ಏನು ಮಾಡುತ್ತಿದೆ? ಎಷ್ಟು ಸ್ನೇಹದವನು ಅಂತ ಹೇಳುತ್ತಿದೆ. ಅಂದರೆ ಅದು ಫ್ರೆಂಡ್ಲಿಯ ಕೈ ಹಿಡಿದಿದೆ. ಕ್ರಿಯಾಪದದ ಕೈ ಹಿಡಿದರೂ ಅಡ್ವರ್ಬ್, ಅಡ್ಜೆಕ್ಟಿವ್ ಕೈ ಹಿಡಿದರೂ ಅಡ್ವರ್ಬ್, ಇನ್ನೊಂದು ಅಡ್ವರ್ಬ್ ಕೈ ಹಿಡಿದರೂ ಅಡ್ವರ್ಬ್. ನಾಮಪದದ ಕೈ ಹಿಡಿದರೆ ಮಾತ್ರ ಅಡ್ಜೆಕ್ಟಿವ್. ಮಗುವಿಗೆ ಇಷ್ಟು ಗಟ್ಟಿಯಾದರೆ ಮುಕ್ಕಾಲು ಭಾಗ ಮುಗಿಯಿತು. ಮಾವಿನಹಣ್ಣಿನ ವಾಕ್ಯದ ‘ಸೋ’ ಕೂಡ ಇದೇ ಕೆಲಸ ಮಾಡುತ್ತಿದೆ, ಎಷ್ಟು ಸಿಹಿ ಅಂತ.

ಲಿ ಬಾಲದ ವಿಷಯಕ್ಕೆ ಒಂದು ಮಾತು. ಬಾಲ ತೆಗೆದು ನೋಡಲು ಹೇಳಿ. ತೆಗೆದ ಮೇಲೆ ಅಡ್ಜೆಕ್ಟಿವ್ ಉಳಿದರೆ ಸಾಮಾನ್ಯವಾಗಿ ಇಡೀ ಪದ ಅಡ್ವರ್ಬ್. ಸ್ಲೋ, ಸ್ಲೋಲಿ. ಬ್ರೇವ್, ಬ್ರೇವ್ಲಿ. ನಾಮಪದ ಉಳಿದರೆ ಇಡೀ ಪದ ಅಡ್ಜೆಕ್ಟಿವ್. ಫ್ರೆಂಡ್, ಫ್ರೆಂಡ್ಲಿ. ಕಾಸ್ಟ್, ಕಾಸ್ಟ್ಲಿ. ಲವ್, ಲವ್ಲಿ. ಕವರ್ಡ್, ಕವರ್ಡ್ಲಿ. ಏನೂ ಅರ್ಥದ ಪದ ಉಳಿಯದಿದ್ದರೆ ಅದು ಬಾಲವೇ ಅಲ್ಲ, ಫ್ಯಾಮಿಲಿ, ಜೆಲ್ಲಿ ಥರ. ಅಗ್ಲಿ, ಸಿಲ್ಲಿ, ಲೋನ್ಲಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಮೂರೂ ಅಡ್ಜೆಕ್ಟಿವ್, ಅವನ್ನು ನೆನಪಿಟ್ಟುಕೊಳ್ಳಬೇಕು ಅಷ್ಟೇ.

ಡೈಲಿ ಥರದ ಪದ ಎರಡೂ ಕಡೆ ಓಡಾಡುತ್ತದೆ. ‘ಡೈಲಿ ಪೇಪರ್’ ಅಂದಾಗ ಅಡ್ಜೆಕ್ಟಿವ್, ‘ಹಿ ಕಮ್ಸ್ ಡೈಲಿ’ ಅಂದಾಗ ಅಡ್ವರ್ಬ್. ಈ ಪದವನ್ನು ನಾವು ಕನ್ನಡದಲ್ಲೇ ದಿನಾ ಬಳಸುತ್ತೇವಲ್ಲ, ಮಗುವಿಗೆ ಬೇಗ ಹಿಡಿಸುತ್ತದೆ.

ಪರೀಕ್ಷೆ ಪಯಣಿಗ:

ಮೇಷ್ಟ್ರೇ, ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಕನ್ನಡ ಮೀಡಿಯಂನಲ್ಲಿ ಓದಿದವನು, ಇಂಗ್ಲಿಷ್ ವಿಭಾಗ ಬಂದರೆ ಕೈ ನಡುಗುತ್ತದೆ. ನನ್ನ ತೊಂದರೆ ಇದರ ಉಲ್ಟಾ. ಲಿ ಇಲ್ಲದ ಅಡ್ವರ್ಬ್‌ಗಳು ನನ್ನ ಕಣ್ಣಿಗೇ ಬೀಳೋದಿಲ್ಲ. ಫಾಸ್ಟ್, ಹಾರ್ಡ್, ಲೇಟ್, ಸೂನ್, ನೆವರ್, ಆಲ್ಸೋ, ಟೂ. ‘ಹಿ ವರ್ಕ್ಸ್ ಹಾರ್ಡ್’ ತಪ್ಪು ಅಂತ ತಿಳಿದು ‘ಹಿ ವರ್ಕ್ಸ್ ಹಾರ್ಡ್ಲಿ’ ಅಂತ ತಿದ್ದಿ ಬಂದಿದ್ದೆ ಒಂದು ಸಲ. ಆಮೇಲೆ ಗೊತ್ತಾಯಿತು, ಹಾರ್ಡ್ಲಿ ಅಂದರೆ ಕಷ್ಟಪಟ್ಟು ಅಂತ ಅಲ್ಲವೇ ಅಲ್ಲ, ‘ಹೆಚ್ಚುಕಮ್ಮಿ ಇಲ್ಲವೇ ಇಲ್ಲ’ ಅಂತ. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಅವನು ಕೆಲಸ ಮಾಡೋದೇ ಅಪರೂಪ. ಒಂದು ಬಾಲ ಸೇರಿಸಿದ್ದಕ್ಕೆ ಅರ್ಥವೇ ತಲೆಕೆಳಗಾಯಿತು. ಇದು ಯಾಕೆ ಹೀಗೆ? ಸ್ಲೋಗೆ ಸ್ಲೋಲಿ ಇರುವಾಗ ಫಾಸ್ಟ್‌ಗೆ ಫಾಸ್ಟ್ಲಿ ಯಾಕಿಲ್ಲ?

ಭಾಷೆಯ ಹುಚ್ಚಿ:

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ನಾನು ಮೈಸೂರಿನಲ್ಲಿ ಭಾಷಾವಿಜ್ಞಾನ ಓದಿದವಳು. ಇದರ ಉತ್ತರ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್‌ನಿಂದ ಅಡ್ವರ್ಬ್ ಮಾಡಲು ಕೊನೆಗೆ ಒಂದು ಸಣ್ಣ ‘ಎ’ ಸೇರಿಸಿದರೆ ಸಾಕಿತ್ತು. ನಮ್ಮ ‘ಮೆಲ್ಲಗೆ’, ‘ತಟ್ಟನೆ’ ಪದಗಳ ಕೊನೆಯ ಎ ನೆನಪಿಸಿಕೊಳ್ಳಿ, ಸಂಬಂಧ ಏನೂ ಇಲ್ಲ, ಕಿವಿಗೆ ಹೊಳೆಯಲಿ ಅಂತ ಹೇಳಿದೆ. ಹಾರ್ಡ್, ಫಾಸ್ಟ್ ಎರಡಕ್ಕೂ ಆ ಎ ಇತ್ತು. ಕಾಲ ಕಳೆದಂತೆ ಜನರ ಬಾಯಲ್ಲಿ ಕೊನೆಯ ಎ ಸವೆದು ಹೋಯಿತು. ಆಗ ಅಡ್ಜೆಕ್ಟಿವ್ ಫಾಸ್ಟ್, ಅಡ್ವರ್ಬ್ ಫಾಸ್ಟ್ ಎರಡೂ ಒಂದೇ ರೂಪವಾಗಿ ಉಳಿದವು. ಇವಕ್ಕೆ ಫ್ಲಾಟ್ ಅಡ್ವರ್ಬ್ ಅಂತ ಹೆಸರು. ಘಾಟಿ ರಸ್ತೆಗಳಲ್ಲಿ ‘ಗೋ ಸ್ಲೋ’ ಅಂತ ಬೋರ್ಡ್ ಇರುತ್ತದಲ್ಲ, ಅದನ್ನು ತಪ್ಪು ಇಂಗ್ಲಿಷ್ ಅಂತ ಕೆಲವರು ತಿಳಿದಿದ್ದಾರೆ. ತಪ್ಪಲ್ಲ, ಅಲ್ಲಿ ಸ್ಲೋ ಫ್ಲಾಟ್ ಅಡ್ವರ್ಬ್.

ಲಿ ಬಾಲದ ಕಥೆ ಬೇರೆ. ದೇಹ, ರೂಪ ಅನ್ನೋ ಅರ್ಥದ ಒಂದು ಹಳೆಯ ಪದದಿಂದ ಅದು ಬಂದಿದೆ, ಈಗಿನ ‘ಲೈಕ್’ ಅದರ ನೆಂಟ. ಮೊದಲು ಆ ಬಾಲ ಅಡ್ಜೆಕ್ಟಿವ್ ಮಾಡುತ್ತಿತ್ತು, ಫ್ರೆಂಡ್ಲಿ ಅಂದರೆ ಗೆಳೆಯನ ರೂಪದವನು. ಅದರ ಮೇಲೆ ಇನ್ನೊಂದು ಎ ಸೇರಿಸಿದರೆ ಅಡ್ವರ್ಬ್. ಆ ಎ ಕೂಡ ಸವೆಯಿತು. ಹಾಗಾಗಿ ಅಡ್ಜೆಕ್ಟಿವ್ ಲಿ, ಅಡ್ವರ್ಬ್ ಲಿ ಎರಡೂ ಇವತ್ತು ಒಂದೇ ಥರ ಕಾಣುತ್ತವೆ. ಮಕ್ಕಳು ಇದರಲ್ಲಿ ಎಡವಿದರೆ ಅವರ ತಪ್ಪು ಅಂತ ನಾನು ಹೇಳುವುದಿಲ್ಲ.

ಹಾರ್ಡ್ಲಿ ಥರ ಅರ್ಥ ಬದಲಾದವು ಇನ್ನೂ ಇವೆ. ಲೇಟ್ ಅಂದರೆ ತಡವಾಗಿ, ಲೇಟ್ಲಿ ಅಂದರೆ ಇತ್ತೀಚೆಗೆ. ನಿಯರ್ ಅಂದರೆ ಹತ್ತಿರ, ನಿಯರ್ಲಿ ಅಂದರೆ ಹೆಚ್ಚುಕಮ್ಮಿ. ಹೈ ಅಂದರೆ ಎತ್ತರಕ್ಕೆ, ಹೈಲಿ ಅಂದರೆ ಬಹಳ. ಪರೀಕ್ಷೆಗೆ ಈ ಜೋಡಿಗಳನ್ನು ಒಂದೊಂದು ವಾಕ್ಯ ಮಾಡಿ ಬರೆದಿಟ್ಟುಕೊಳ್ಳಿ, ಬರೀ ಪಟ್ಟಿ ಉರು ಹೊಡೆದರೆ ನಿಲ್ಲೋದಿಲ್ಲ.

ಧಾರವಾಡದ ಓದುಗ:

ಒಂದು ಸಂಶಯ. ನಾವು ಕನ್ನಡದಲ್ಲಿ ಇದನ್ನು ಕ್ರಿಯಾವಿಶೇಷಣ ಅಂತ ಕಲಿತೆವು. ಹೆಸರಲ್ಲೇ ಕ್ರಿಯೆ ಇದೆ. ಹಾಗಿದ್ದ ಮೇಲೆ ‘ವೆರಿ ಫ್ರೆಂಡ್ಲಿ’ ಒಳಗಿನ ವೆರಿಗೂ ಕ್ರಿಯೆಗೂ ಏನು ಸಂಬಂಧ? ಹೆಸರು ಒಂದು ಹೇಳುತ್ತದೆ, ನಿಯಮ ಇನ್ನೊಂದು ಹೇಳುತ್ತದೆ. ಮಕ್ಕಳಿಗೆ ಹೇಗೆ ಅರ್ಥ ಆಗಬೇಕು ರೀ?

ಭಾಷೆಯ ಹುಚ್ಚಿ:

ಸರ್, ಹೆಸರಿನಿಂದಲೇ ಗೊಂದಲ ಶುರುವಾಗಿರೋದು ನಿಜ. ಅಡ್ವರ್ಬ್ ಲ್ಯಾಟಿನ್‌ನಿಂದ ಬಂದ ಪದ, ‘ವರ್ಬಮ್ ಪಕ್ಕದ್ದು’ ಅಂತ. ಲ್ಯಾಟಿನ್‌ನಲ್ಲಿ ವರ್ಬಮ್ ಅಂದರೆ ಕ್ರಿಯಾಪದ ಅಂತಲೂ ಇದೆ, ಸುಮ್ನೆ ‘ಪದ’ ಅಂತಲೂ ಇದೆ. ಕನ್ನಡದಲ್ಲಿ ಮೊದಲ ಅರ್ಥ ಮಾತ್ರ ಉಳಿಯಿತು.

ಇನ್ನೊಂದು ವಿಷಯ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೇ ಒಂದು ಪ್ರಕರಣ ಇದೆ. ಲಿಂಗ, ವಚನ, ವಿಭಕ್ತಿಗೆ ಸಿಗದೆ ಬದಲಾಗದೆ ಇರುವ ಪದ ಅವ್ಯಯ. ಅಲ್ಲಿ ಲೆಕ್ಕ ಇರೋದು ‘ರೂಪ ಬದಲಾಗುತ್ತದೋ ಇಲ್ಲವೋ’ ಅಂತ. ಇಂಗ್ಲಿಷ್ ಅಡ್ವರ್ಬ್ ಲೆಕ್ಕ ಇರೋದು ‘ಯಾವುದಕ್ಕೆ ಅಂಟಿಕೊಂಡಿದೆ’ ಅಂತ. ಎರಡು ಬೇರೆ ಬೇರೆ ತಕ್ಕಡಿ. ಒಂದರಲ್ಲಿ ತೂಗಿದ್ದನ್ನು ಇನ್ನೊಂದರಲ್ಲಿ ನೋಡಿದರೆ ತೂಕ ತಪ್ಪುತ್ತದೆ.

ದಾವಣಗೆರೆ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ‘ಯಾರ ಕೈ ಹಿಡಿದಿದೆ’ ಅನ್ನೋದು ಮಗಳಿಗೆ ಥಟ್ ಅಂತ ಹೊಳೆಯಿತು. ಬಸ್ಸಿನ ವಾಕ್ಯ ಅವಳೇ ಬಿಡಿಸಿದಳು. ಬಸ್ಸು ಹೇಗೆ ಹೋಯಿತು, ಫಾಸ್ಟ್ ಆಗಿ ಹೋಯಿತು, ಅಂದರೆ ಹೋಗೋದರ ಕೈ ಹಿಡಿದಿದೆ ಅಂತ. ನಾಟ್ ಕೂಡ ‘ನೋ’ ಅನ್ನೋ ಕ್ರಿಯಾಪದವನ್ನು ಅಲ್ಲಗಳೆಯುತ್ತದೆ, ಆದ್ದರಿಂದ ಅಡ್ವರ್ಬ್ ಅಂತ ಒಪ್ಪಿಕೊಂಡಳು. ಕನ್ನಡದಲ್ಲಿ ಅದು ‘ಗೊತ್ತಿಲ್ಲ’ ಅಂತ ಒಂದೇ ಪದದೊಳಗೆ ಕೂತಿರೋದರಿಂದ ಬೇರೆ ಪದ ಅಂತ ಕಣ್ಣಿಗೆ ಬಿದ್ದಿರಲಿಲ್ಲವಂತೆ.

ಆದರೆ ನನ್ನ ‘ಆಗಿ’ ಉಪಾಯದ ವಿಷಯ ಯಾರೂ ಹೇಳಲಿಲ್ಲ. ಸ್ವೀಟ್ ಅಂದರೆ ಸಿಹಿಯಾಗಿ, ಸ್ಯಾಡ್ ಅಂದರೆ ಸಪ್ಪಗೆ. ಎರಡೂ ಕಡೆ ಕ್ರಿಯಾಪದದ ಪಕ್ಕದಲ್ಲೇ ಇವೆ. ‘ಟೇಸ್ಟ್ಸ್ ಸ್ವೀಟ್’, ‘ಲುಕ್ಸ್ ಸ್ಯಾಡ್’. ಹೇಗೆ ಕಾಣುತ್ತಾಳೆ ಅಂತ ಕೇಳಿದರೆ ಸಪ್ಪಗೆ ಅಂತಲೇ ಉತ್ತರ. ಮತ್ತೆ ಯಾಕೆ ಅಡ್ವರ್ಬ್ ಅಲ್ಲ?

ಭಾಷೆಯ ಹುಚ್ಚಿ:

ಅಕ್ಕಾ, ಇದು ಈ ಇಡೀ ಚರ್ಚೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಕನ್ನಡದವರು ‘ಶಿ ಲುಕ್ಸ್ ಬ್ಯೂಟಿಫುಲಿ’, ‘ದಿ ಫುಡ್ ಟೇಸ್ಟ್ಸ್ ನೈಸ್ಲಿ’ ಅಂತ ಬರೆಯೋದು ಇದೇ ಕಾರಣಕ್ಕೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ‘ಆಗಿ’ ಎರಡು ಕೆಲಸ ಮಾಡುತ್ತದೆ. ‘ಅವಳು ಚೆನ್ನಾಗಿ ಹಾಡಿದಳು’ ಅಂದಾಗ ಹಾಡಿದ ರೀತಿ ಹೇಳುತ್ತದೆ. ‘ಹಾಡು ಚೆನ್ನಾಗಿದೆ’ ಅಂದಾಗ ಹಾಡಿನ ಗುಣ ಹೇಳುತ್ತದೆ. ಪದ ಒಂದೇ, ಚೆನ್ನಾಗಿ. ಇಂಗ್ಲಿಷಿನಲ್ಲಿ ಇವು ಎರಡು ಪದ. ಮೊದಲನೆಯದು ‘ಶಿ ಸ್ಯಾಂಗ್ ವೆಲ್’, ಎರಡನೆಯದು ‘ದಿ ಸಾಂಗ್ ಈಸ್ ಗುಡ್’. ವೆಲ್ ಅಡ್ವರ್ಬ್, ಗುಡ್ ಅಡ್ಜೆಕ್ಟಿವ್. ಆದ್ದರಿಂದ ಕನ್ನಡದಲ್ಲಿ ಆಗಿ ಬಂದಿತು ಅಂದ ಮಾತ್ರಕ್ಕೆ ಇಂಗ್ಲಿಷಿನಲ್ಲಿ ಅಡ್ವರ್ಬ್ ಆಗಲೇಬೇಕು ಅಂತಿಲ್ಲ. ‘ಆಗಿ’ ಪಕ್ಕದಲ್ಲಿ ‘ಇದೆ, ಇದ್ದಾನೆ, ಇತ್ತು’ ಬಂದರೆ ಬಹುಪಾಲು ಅಡ್ಜೆಕ್ಟಿವ್. ಮಾವಿನಹಣ್ಣು ಸಿಹಿಯಾಗಿದೆ. ಸಿಹಿ ಇರೋದು ಹಣ್ಣಿಗೆ.

ಸ್ಯಾಡ್ ವಿಷಯ ಸ್ವಲ್ಪ ಸೂಕ್ಷ್ಮ. ಇಲ್ಲಿ ಕನ್ನಡವೇ ನಮಗೆ ದಾರಿ ತೋರಿಸುತ್ತದೆ, ಅದು ನನಗೆ ಗೊತ್ತಾದ ದಿನ ಎಷ್ಟು ಖುಷಿಯಾಯಿತು ಅಂದರೆ ಹಾಸ್ಟೆಲ್‌ನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೆ. ಇಂಗ್ಲಿಷಿನ ಲುಕ್ ಒಂದೇ ಪದ, ಆದರೆ ಕನ್ನಡದಲ್ಲಿ ಅದಕ್ಕೆ ಎರಡು ಪದ ಇವೆ. ಕಾಣು, ನೋಡು. ‘ಶಿ ಲುಕ್ಡ್ ಸ್ಯಾಡ್’ ಅಂದರೆ ಸಪ್ಪಗೆ ಕಂಡಳು. ‘ಶಿ ಲುಕ್ಡ್ ಸ್ಯಾಡ್ಲಿ ಅಟ್ ದಿ ಎಂಪ್ಟಿ ಪ್ಲೇಟ್’ ಅಂದರೆ ಖಾಲಿ ತಟ್ಟೆಯನ್ನು ಬೇಸರದಿಂದ ನೋಡಿದಳು. ಕಾಣೋದು ಅವಳು ಮಾಡೋ ಕೆಲಸ ಅಲ್ಲ, ಅವಳ ಸ್ಥಿತಿ. ನೋಡೋದು ಕೆಲಸ. ಹಾಗೇ ಸ್ಮೆಲ್ ಒಂದೇ ಪದ, ನಮಗೆ ವಾಸನೆ ಬರೋದು ಬೇರೆ, ಮೂಸಿ ನೋಡೋದು ಬೇರೆ. ಟೇಸ್ಟ್ ಒಂದೇ ಪದ, ರುಚಿ ಇರೋದು ಬೇರೆ, ರುಚಿ ನೋಡೋದು ಬೇರೆ. ಫೀಲ್ ಒಂದೇ ಪದ, ಅನ್ನಿಸೋದು ಬೇರೆ, ಮುಟ್ಟಿ ನೋಡೋದು ಬೇರೆ.

ಗಮನಿಸಿದಿರಾ? ಕನ್ನಡದಲ್ಲಿ ‘ನೋಡು’ ಅಂತ ಸೇರಿಸಿ ಹೇಳೋಕೆ ಬಂದರೆ ಅಲ್ಲಿ ಯಾರೋ ಏನೋ ಮಾಡುತ್ತಿದ್ದಾರೆ, ಅದನ್ನು ಹೇಗೆ ಮಾಡಿದರು ಅಂತ ಹೇಳುವ ಪದ ಅಡ್ವರ್ಬ್. ‘ಶಿ ಟೇಸ್ಟೆಡ್ ದಿ ಸಾರು ಕೇರ್‌ಫುಲಿ’, ಸಾರನ್ನು ಹುಷಾರಾಗಿ ರುಚಿ ನೋಡಿದಳು. ‘ನೋಡು’ ಸೇರಿಸೋಕೆ ಬಾರದಿದ್ದರೆ ಅಡ್ಜೆಕ್ಟಿವ್. ‘ದಿ ಸಾರು ಟೇಸ್ಟ್ಸ್ ಗುಡ್’, ಸಾರು ರುಚಿಯಾಗಿದೆ. ಸಾರು ಪಾಪ ಯಾರ ರುಚಿಯನ್ನೂ ನೋಡುತ್ತಿಲ್ಲ.

ಇಂಗ್ಲಿಷಿನಲ್ಲೇ ಮಾಡುವ ಪರೀಕ್ಷೆಯೂ ಇದೆ. ಕ್ರಿಯಾಪದ ತೆಗೆದು ಈಸ್ ಅಥವಾ ವಾಸ್ ಹಾಕಿ. ‘ದಿ ಗರ್ಲ್ ಈಸ್ ಸ್ಯಾಡ್’, ವಾಕ್ಯ ನಿಲ್ಲುತ್ತದೆ, ಅರ್ಥವೂ ಹೆಚ್ಚು ಬದಲಾಗಲಿಲ್ಲ, ಸ್ಯಾಡ್ ಅಡ್ಜೆಕ್ಟಿವ್. ‘ದಿ ಬಸ್ ಈಸ್ ಫಾಸ್ಟ್’ ಅಂತ ಹಾಕಿದರೆ ವಾಕ್ಯ ನಿಲ್ಲುತ್ತದೆ, ಆದರೆ ಬಸ್ಸು ಹೋದ ಸುದ್ದಿಯೇ ಮಾಯವಾಯಿತು. ಅಲ್ಲಿ ವೆಂಟ್ ನಿಜವಾದ ಕೆಲಸ, ಅದಕ್ಕೇ ಫಾಸ್ಟ್ ಅಡ್ವರ್ಬ್.

ಅಡುಗೆಮನೆ ಕನ್ನಡ:

ಇದನ್ನು ಓದಿ ನನಗೆ ಇನ್ನೊಂದು ಹೊಳೆಯಿತು. ‘ಕಾಫಿ ಬಿಸಿಬಿಸಿಯಾಗಿ ಕುಡಿ’ ಅನ್ನುತ್ತೇವೆ. ಇಲ್ಲಿ ಇದೆ, ಇತ್ತು ಏನೂ ಇಲ್ಲ, ಕುಡಿಯೋದು ಕೆಲಸವೇ. ಆದರೂ ಇಂಗ್ಲಿಷಿನಲ್ಲಿ ‘ಡ್ರಿಂಕ್ ಇಟ್ ಹಾಟ್’ ಅಲ್ವಾ, ‘ಹಾಟ್ಲಿ’ ಅನ್ನೋದಿಲ್ಲ. ಮೇಲಿನ ನಿಯಮ ಇಲ್ಲಿ ನಿಲ್ಲುತ್ತಾ?

ಭಾಷೆಯ ಹುಚ್ಚಿ:

ಒಳ್ಳೆ ಉದಾಹರಣೆ ಕೊಟ್ಟಿರಿ! ‘ಇದೆ’ ಪರೀಕ್ಷೆ ಇಲ್ಲಿ ಸೋಲುತ್ತದೆ, ಮೇಷ್ಟ್ರ ‘ಯಾರ ಕೈ’ ಪರೀಕ್ಷೆ ನಿಲ್ಲುತ್ತದೆ. ಬಿಸಿ ಯಾರಿಗೆ? ಕುಡಿಯೋ ಕೆಲಸಕ್ಕಲ್ಲ, ಕಾಫಿಗೆ. ಅದಕ್ಕೇ ಹಾಟ್ ಅಡ್ಜೆಕ್ಟಿವ್. ಹಾಟ್ಲಿ ಅಂತ ಪದ ಇದೆ, ಆದರೆ ಅದು ಸಿಟ್ಟಿನಿಂದ, ಕಾವಿನಿಂದ ಅಂತ, ‘ದೇ ಆರ್ಗ್ಯೂಡ್ ಹಾಟ್ಲಿ’. ‘ಗೋಡೆ ಬೆಳ್ಳಗೆ ಬಳಿದರು’ ಕೂಡ ಹೀಗೇ. ‘ದೇ ಪೇಂಟೆಡ್ ದಿ ವಾಲ್ ವೈಟ್’. ಬೆಳ್ಳಗೆ ಆಗಿದ್ದು ಗೋಡೆ. ಆದರೆ ‘ಈರುಳ್ಳಿ ಸಣ್ಣಗೆ ಹೆಚ್ಚು’ ಅಂದಾಗ ಇಂಗ್ಲಿಷಿನವರು ಹೆಚ್ಚುವ ರೀತಿ ಅಂತ ತಗೊಂಡು ‘ಚಾಪ್ ದಿ ಆನಿಯನ್ಸ್ ಫೈನ್ಲಿ’ ಅನ್ನುತ್ತಾರೆ. ಇಂಥ ಕಡೆ ಇಂಗ್ಲಿಷ್ ಜಾಸ್ತಿ ಓದಿ ಓದಿ ಕಿವಿ ಪಳಗಬೇಕು.

ಡಬ್ಲಿನ್ ಕನ್ನಡಿಗ:

ಹೋಮ್ ವಿಷಯ ನಾನು ಹೇಳಬಹುದಾ? ಇಲ್ಲಿಗೆ ಬಂದ ಮೊದಲ ವರ್ಷ ಆಫೀಸಿನಲ್ಲಿ ‘ಐ ಆಮ್ ಗೋಯಿಂಗ್ ಟು ಹೋಮ್’ ಅನ್ನುತ್ತಿದ್ದೆ. ಒಬ್ಬ ಸಹೋದ್ಯೋಗಿ ಮೆತ್ತಗೆ ತಿದ್ದಿದರು, ‘ಗೋಯಿಂಗ್ ಹೋಮ್’ ಅಂತ. ಯಾಕೆ ಟು ಬೇಡ ಅಂತ ಆಮೇಲೆ ನಾನೇ ಕೂತು ಯೋಚನೆ ಮಾಡಿದೆ.

ನಾವು ‘ಮನೆಗೆ’ ಅನ್ನುತ್ತೇವೆ. ಆ ‘ಗೆ’ಯನ್ನು ಇಂಗ್ಲಿಷಿಗೆ ತರೋಕೆ ಟು ಹಾಕುತ್ತೇವೆ. ಶಾಲೆಗೆ, ಟು ಸ್ಕೂಲ್. ಅಂಗಡಿಗೆ, ಟು ದಿ ಶಾಪ್. ಆದರೆ ‘ಗೋ ಹೋಮ್’ ಒಳಗಿನ ಹೋಮ್ ಅಂದರೆ ‘ಮನೆ’ ಅಲ್ಲ, ‘ಮನೆಗೆ’. ಗೆ ಅದರ ಹೊಟ್ಟೆಯಲ್ಲೇ ಇದೆ. ಎಲ್ಲಿಗೆ ಹೋದೆ ಅನ್ನೋ ಪ್ರಶ್ನೆಗೆ ಒಬ್ಬನೇ ಉತ್ತರ ಕೊಡುತ್ತದೆ, ಅದಕ್ಕೇ ಅಡ್ವರ್ಬ್ ಅನ್ನುತ್ತಾರೆ. ಇಂಥವು ಇನ್ನೂ ಇವೆ. ‘ವೆಂಟ್ ಅಬ್ರಾಡ್’, ಟು ಅಬ್ರಾಡ್ ಅಲ್ಲ. ‘ವೆಂಟ್ ಅಪ್‌ಸ್ಟೇರ್ಸ್’, ಮಹಡಿಗೆ ಹೋದ. ‘ಕಮ್ ಹಿಯರ್’, ಇಲ್ಲಿಗೆ ಬಾ. ಪರೀಕ್ಷೆ ಸುಲಭ. ಕನ್ನಡದಲ್ಲಿ ‘ಗೆ’ ಇದ್ದು ಇಂಗ್ಲಿಷಿನಲ್ಲಿ ‘ಟು’ ಇಲ್ಲದೆ ವಾಕ್ಯ ಸರಿ ನಿಂತಿದ್ದರೆ ಅದು ಅಡ್ವರ್ಬ್ ಇರಬಹುದು ಅಂತ ಅನುಮಾನ ಪಡಿ. ಆದರೆ ‘ಶಿ ವೆಂಟ್ ಟು ಹರ್ ಹೋಮ್’ ಅಂದರೆ ಮತ್ತೆ ನಾಮಪದ, ‘ಹರ್’ ಬಂದು ಅದರ ಕೈ ಹಿಡಿಯಿತಲ್ಲ.

ಇನ್ನೊಂದು ನಮ್ಮ ಅಭ್ಯಾಸ ಓನ್ಲಿ. ‘ಐ ಆಮ್ ಹಿಯರ್ ಓನ್ಲಿ’. ಅದು ‘ಇಲ್ಲೇ ಇದ್ದೀನಿ’ ಅನ್ನೋದರ ಏ. ಕನ್ನಡದಲ್ಲಿ ಏ, ಮಾತ್ರ ಎರಡೂ ಪದದ ಹಿಂದೆ ಬರುತ್ತವೆ. ಇಂಗ್ಲಿಷಿನ ಓನ್ಲಿ ಸಾಮಾನ್ಯವಾಗಿ ಮುಂದೆ ಬರುತ್ತದೆ. ‘ಓನ್ಲಿ ರವಿ ಕೇಮ್’, ರವಿ ಮಾತ್ರ ಬಂದ. ಇಲ್ಲಿ ಓನ್ಲಿ ರವಿಯ ಕೈ ಹಿಡಿದಿದೆ, ಅಂದರೆ ನಾಮಪದದ ಕೈ! ಆದರೂ ಅದನ್ನು ಅಡ್ವರ್ಬ್ ಅಂತಲೇ ಲೆಕ್ಕ ಮಾಡುತ್ತಾರೆ. ‘ಓನ್ಲಿ ಚೈಲ್ಡ್’ ಅಂದಾಗ ಮಾತ್ರ ಅಡ್ಜೆಕ್ಟಿವ್. ಇದು ಯಾಕೆ ಅಂತ ಮೇಷ್ಟ್ರೇ ಹೇಳಬೇಕು.

ಹಾಸನದ ಮೇಷ್ಟ್ರು:

ಸರಿಯಾಗಿ ಹಿಡಿದಿರಿ. ನನ್ನ ‘ಕೈ’ ನಿಯಮಕ್ಕೂ ಒಂದು ಎಲ್ಲೆ ಇದೆ ಅಂತ ಒಪ್ಪುತ್ತೇನೆ. ‘ಓನ್ಲಿ ಚೈಲ್ಡ್’ ಅಂದಾಗ ಎಂಥ ಮಗು ಅಂತ ಗೊತ್ತಾಗುತ್ತದೆ. ‘ಓನ್ಲಿ ರವಿ’ ಅಂದಾಗ ರವಿ ಎಂಥವನು ಅಂತ ಗೊತ್ತಾಗುವುದಿಲ್ಲ. ಅವನೊಬ್ಬನೇ, ಬೇರೆ ಯಾರೂ ಅಲ್ಲ ಅಂತ ಬೇಲಿ ಹಾಕುತ್ತದೆ, ಅಷ್ಟೇ. ಗುಣ ಹೇಳಿದರೆ ಅಡ್ಜೆಕ್ಟಿವ್, ಬೇಲಿ ಹಾಕಿದರೆ ಅಡ್ವರ್ಬ್. ಈವನ್ ಕೂಡ ಹೀಗೇ, ‘ಈವನ್ ರವಿ ಕೇಮ್’, ರವಿಯೂ ಬಂದ.

ಇದರ ಜೊತೆಗೆ ಡೌನ್, ಇನ್, ಬಿಫೋರ್ ಥರದವನ್ನೂ ಹೇಳಿಬಿಡುತ್ತೇನೆ, ಪರೀಕ್ಷೆಯಲ್ಲಿ ಇವು ಬರುತ್ತಲೇ ಇರುತ್ತವೆ. ‘ಹಿ ಫೆಲ್ ಡೌನ್’ ಇಲ್ಲಿ ಡೌನ್ ಅಡ್ವರ್ಬ್. ‘ಹಿ ಫೆಲ್ ಡೌನ್ ದಿ ಸ್ಟೆಪ್ಸ್’ ಇಲ್ಲಿ ಪ್ರಿಪೊಸಿಷನ್, ಯಾಕೆಂದರೆ ಹಿಂದೆ ಒಂದು ನಾಮಪದವನ್ನು ಎಳೆದುಕೊಂಡು ಬಂದಿದೆ. ಬೋರ್ಡ್ ಮೇಲೆ ಎರಡೂ ವಾಕ್ಯ ಒಂದರ ಕೆಳಗೆ ಒಂದು ಬರೆದು, ಡೌನ್ ನಂತರ ಏನಿದೆ ಅಂತ ಮಕ್ಕಳಿಗೇ ಕೇಳುತ್ತಿದ್ದೆ. ಎರಡೇ ನಿಮಿಷದಲ್ಲಿ ಅವರೇ ನಿಯಮ ಹೇಳುತ್ತಿದ್ದರು.

ಪರೀಕ್ಷೆ ಪಯಣಿಗ:

ಯೆಸ್ಟರ್ಡೇ ಬಗ್ಗೆ ನಾನು ಎರಡು ಥರ ಓದಿದ್ದೇನೆ. ಗೈಡ್‌ಗಳಲ್ಲಿ ಅಡ್ವರ್ಬ್ ಆಫ್ ಟೈಮ್ ಅಂತ ಇರುತ್ತದೆ. ಒಂದು ವಿಡಿಯೋದಲ್ಲಿ ಅದು ಅಡ್ವರ್ಬ್ ಅಲ್ಲವೇ ಅಲ್ಲ ಅಂದರು. ಯಾವುದು ಸರಿ?

ಭಾಷೆಯ ಹುಚ್ಚಿ:

ಎರಡಕ್ಕೂ ಆಧಾರ ಇದೆ. 2002ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ದೊಡ್ಡ ಇಂಗ್ಲಿಷ್ ವ್ಯಾಕರಣ ಯೆಸ್ಟರ್ಡೇ, ಟುಡೇ, ಟುಮಾರೋ ಮೂರನ್ನೂ ಅಡ್ವರ್ಬ್ ಗುಂಪಿನಿಂದ ತೆಗೆದು ಸರ್ವನಾಮದ ಜೊತೆ ಇಡುತ್ತದೆ. ‘ಯೆಸ್ಟರ್ಡೇಸ್ ಪೇಪರ್’ ಅನ್ನಬಹುದು ಅಲ್ವಾ? ಸ್ಲೋಲಿಗೆ ಹಾಗೆ ‘ಎಸ್’ ಹಾಕೋಕೆ ಆಗುತ್ತಾ? ಕನ್ನಡದಲ್ಲೂ ನಿನ್ನೆಯ ಪೇಪರ್, ನಿನ್ನೆಗೆ, ನಿನ್ನೆಯಿಂದ ಅಂತ ವಿಭಕ್ತಿ ಹಚ್ಚುತ್ತೇವೆ, ‘ಥಟ್ಟನೆ’ಗೆ ಹಚ್ಚೋಕೆ ಬರೋದಿಲ್ಲ. ಅದೇ ಪುಸ್ತಕ ‘ಗೋ ಹೋಮ್’ನ ಹೋಮ್, ಹಿಯರ್, ದೇರ್‌ಗಳನ್ನೂ ಪ್ರಿಪೊಸಿಷನ್ ಅನ್ನುತ್ತದೆ.

ಪದದ ಜಾತಿ ಬೇರೆ, ವಾಕ್ಯದಲ್ಲಿ ಅದು ಮಾಡುವ ಕೆಲಸ ಬೇರೆ ಅಂತ ಇಟ್ಟುಕೊಂಡರೆ ಜಗಳ ತಣ್ಣಗಾಗುತ್ತದೆ. ‘ವಿ ವೆಂಟ್ ಹೋಮ್ ಯೆಸ್ಟರ್ಡೇ’ ವಾಕ್ಯದಲ್ಲಿ ಯೆಸ್ಟರ್ಡೇ ‘ಯಾವಾಗ’ ಅನ್ನೋ ಕೆಲಸ ಮಾಡುತ್ತಿದೆ. ‘ಲಾಸ್ಟ್ ವೀಕ್’, ‘ಇನ್ ದಿ ಮಾರ್ನಿಂಗ್’ ಕೂಡ ಅದೇ ಕೆಲಸ ಮಾಡುತ್ತವೆ, ಅವು ಒಂದೊಂದು ಪದವೂ ಅಲ್ಲ. ಆ ಕೆಲಸಕ್ಕೆ ಅಡ್ವರ್ಬಿಯಲ್ ಅಂತ ಹೆಸರಿದೆ.

ಆದರೆ ನೀವು ಪರೀಕ್ಷೆಯಲ್ಲಿ ಅಡ್ವರ್ಬ್ ಅಂತಲೇ ಬರೆಯಿರಿ. ಶಾಲೆಯ ಪುಸ್ತಕಗಳು ಹಾಗೇ ಹೇಳುತ್ತವೆ, ನಿಘಂಟುಗಳು ಅಡ್ವರ್ಬ್, ನಾಮಪದ ಎರಡನ್ನೂ ಕೊಡುತ್ತವೆ. ಮಗುವಿಗೂ ಸದ್ಯಕ್ಕೆ ಅಷ್ಟು ಸಾಕು.

ಧಾರವಾಡದ ಓದುಗ:

ನಂದೊಂದು ಕೊನೇ ಪ್ರಶ್ನೆ. ‘ಲಕಿಲಿ, ನೋ ವನ್ ವಾಸ್ ಹರ್ಟ್’. ಇಲ್ಲಿ ಲಕಿಲಿ ಯಾರ ಕೈ ಹಿಡಿದಿದೆ? ಪೆಟ್ಟು ಬಿದ್ದ ರೀತಿಯನ್ನಂತೂ ಅದು ಹೇಳುತ್ತಿಲ್ಲ.

ಡಬ್ಲಿನ್ ಕನ್ನಡಿಗ:

ಇಡೀ ವಾಕ್ಯದ ಕೈ. ನಾವು ‘ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ’ ಅನ್ನುತ್ತೇವಲ್ಲ, ಆ ಪುಣ್ಯಕ್ಕೆ. ಅದು ಘಟನೆಯ ಭಾಗ ಅಲ್ಲ, ಹೇಳುವವನ ಮನಸ್ಸು. ‘ನಿಜ ಹೇಳಬೇಕಂದ್ರೆ’ ಅನ್ನೋದು ಫ್ರ್ಯಾಂಕ್ಲಿ. ಜಾಗ ಬದಲಾದರೆ ಅರ್ಥ ಬದಲಾಗುವುದನ್ನು ನೋಡಿ. ‘ಹ್ಯಾಪಿಲಿ, ಶಿ ವೆಂಟ್ ಟು ಸ್ಕೂಲ್’ ಅಂದರೆ ಅವಳು ಶಾಲೆಗೆ ಹೋದದ್ದು ಒಳ್ಳೆಯದಾಯಿತು ಅಂತ ನನ್ನ ಮಾತು. ‘ಶಿ ವೆಂಟ್ ಟು ಸ್ಕೂಲ್ ಹ್ಯಾಪಿಲಿ’ ಅಂದರೆ ಖುಷಿಪಟ್ಟವಳು ಅವಳು. ಆರಂಭದಲ್ಲಿ ಬಂದು ಅದರ ಹಿಂದೆ ಕಾಮಾ ಇದ್ದರೆ ಇಡೀ ವಾಕ್ಯದ ಕೈ ಹಿಡಿದಿರಬಹುದು ಅಂತ ನೋಡಿ.

ದಾವಣಗೆರೆ ಅಮ್ಮ:

ಎರಡು ದಿನ ಆಯಿತು. ಮಗಳು, ನಾನು ಊಟದ ಹೊತ್ತಿಗೆಲ್ಲ ಇದೇ ಆಟ ಆಡುತ್ತಿದ್ದೇವೆ. ನಾನು ಕನ್ನಡದಲ್ಲಿ ವಾಕ್ಯ ಹೇಳೋದು, ಅವಳು ಇಂಗ್ಲಿಷ್ ಮಾಡಿ ಅಡ್ವರ್ಬ್ ಹಿಡಿಯೋದು. ನಿನ್ನೆ ನಾನು ‘ಅವನು ದಡದಡ ಮೆಟ್ಟಿಲು ಇಳಿದ’ ಅಂದೆ. ದಡದಡಕ್ಕೆ ಇಂಗ್ಲಿಷ್ ಅಡ್ವರ್ಬ್ ಸಿಗಲಿಲ್ಲ ಅಂತ ಇಬ್ಬರೂ ಸೋತೆವು.

ಇವತ್ತು ಅವಳೇ ಅಜ್ಜಿಯ ಬಗ್ಗೆ ಒಂದು ವಾಕ್ಯ ಬರೆದಿದ್ದಾಳೆ. ‘ಮೈ ಅಜ್ಜಿ ವಾಕ್ಸ್ ಸ್ಲೋಲಿ ಬಟ್ ಶಿ ಈಸ್ ನೆವರ್ ಲೇಟ್’. ಸ್ಲೋಲಿ, ನೆವರ್ ಎರಡಕ್ಕೆ ಗೆರೆ ಹಾಕಿದ್ದಾಳೆ. ಲೇಟ್‌ಗೆ ಹಾಕಿಲ್ಲ. ‘ತಡವಾಗಿ’ ಅಂತ ಆಗಿ ಬರುತ್ತದಲ್ಲ ಅಂದೆ. ಇಲ್ಲಮ್ಮ, ಇಲ್ಲಿ ಅಜ್ಜಿ ಏನೂ ಮಾಡ್ತಿಲ್ಲ, ಬರೀ ಇದ್ದಾಳೆ ಅಂದಳು. ಸರಿನಾ ಮೇಷ್ಟ್ರೇ?

ಭಾಷೆಯ ಹುಚ್ಚಿ:

ದಡದಡಕ್ಕೆ ನೀವು ಸೋತಿಲ್ಲ ಅಕ್ಕಾ. ನಾವು ‘ಹೇಗೆ’ ಅನ್ನೋದನ್ನು ಬೇರೆ ಪದವಾಗಿ ಇಡುತ್ತೇವೆ, ಇಂಗ್ಲಿಷ್ ಹಲವು ಸಲ ಅದನ್ನು ಕ್ರಿಯಾಪದದೊಳಗೇ ತುಂಬಿಬಿಡುತ್ತದೆ. ‘ಹಿ ಕ್ಲ್ಯಾಟರ್ಡ್ ಡೌನ್ ದಿ ಸ್ಟೇರ್ಸ್’. ದಡದಡ, ಇಳಿಯೋದು ಎರಡೂ ಆ ಕ್ಲ್ಯಾಟರ್ಡ್ ಡೌನ್‌ನಲ್ಲೇ ಇದೆ. ಬಿರಬಿರನೆ ನಡೆಯೋದಕ್ಕೆ ಸ್ಟ್ರೈಡ್, ಕುಂಟುತ್ತಾ ನಡೆಯೋದಕ್ಕೆ ಲಿಂಪ್. ಅಲ್ಲಿ ಗೆರೆ ಎಳೆಯೋಕೆ ಅಡ್ವರ್ಬ್ ಸಿಗೋದಿಲ್ಲ.

ಹಾಸನದ ಮೇಷ್ಟ್ರು:

ಮಗು ಹೇಳಿದ್ದು ಪೂರ್ತಿ ಸರಿ ಅಮ್ಮಾ. ಅವಳಿಗೆ ಇನ್ನೊಂದು ವಾಕ್ಯ ಕೊಡಿ, ‘ಅಜ್ಜಿ ನೆವರ್ ಕಮ್ಸ್ ಲೇಟ್’. ಈಗ ಅಜ್ಜಿ ಬರುತ್ತಿದ್ದಾರೆ. ಈ ಸಲ ಲೇಟ್‌ಗೆ ಗೆರೆ ಹಾಕುತ್ತಾಳೋ ಇಲ್ಲವೋ ನೋಡಿ, ಹಾಕಿದರೆ ನನಗೆ ತಿಳಿಸಿ.

ದಾವಣಗೆರೆ ಅಮ್ಮ:

ಹಾಕಿದಳು ಸರ್. ನಾನು ಬಾಯಿ ತೆರೆಯೋಕೆ ಮುಂಚೆನೇ ಹಾಕಿದಳು.